ಪೆಟ್ರೋಲ್ ಬಂಕ್ ಮುಚ್ಚಿ ಟ್ಯಾಂಕ್ ಕಿತ್ತರೆ ಪಕ್ಕದ ಬೋರ್‌ವೆಲ್ ಸುರಕ್ಷಿತವೇ?

‘ಬಂಕ್ ಮುಚ್ಚಿ ವರ್ಷವಾಯಿತು. ಕ್ರೇನ್ ತಂದು ಟ್ಯಾಂಕ್ ಎತ್ತಿ ಗುಜರಿಗೆ ಹಾಕಿದರು. ಗುಂಡಿಯನ್ನೂ ಮುಚ್ಚಿದರು. ಇನ್ನು ನೀರಿಗೆ ಏನು ಭಯ?’ ಹೀಗೆ ಹೇಳುವವರು ಎಲ್ಲ ಊರಲ್ಲೂ ಸಿಗುತ್ತಾರೆ. ಇದಕ್ಕೆ ಉಲ್ಟಾ ಮಾತನಾಡುವ ವಿಡಿಯೋಗಳೂ ವಾಟ್ಸಾಪ್‌ನಲ್ಲಿ ಓಡಾಡುತ್ತವೆ: ‘ಬೋರ್‌ವೆಲ್‌ನಲ್ಲಿ ಪೆಟ್ರೋಲ್ ಬಂತು, ಊರಿನ ಕೆಳಗೆ ಎಣ್ಣೆ ನಿಕ್ಷೇಪ ಇದೆ!’

ಎರಡೂ ಸರಿಯಲ್ಲ. ಮೊದಲನೆಯದನ್ನು ನಂಬಿದರೆ ಇರುವ ಅಪಾಯ ಕಣ್ಣಿಗೆ ಬೀಳುವುದಿಲ್ಲ. ಎರಡನೆಯದನ್ನು ನಂಬಿದರೆ ಬೀಡಿ ಹಚ್ಚಿಕೊಂಡು ಬೋರ್ ಬಳಿ ಜಾತ್ರೆ ಸೇರುತ್ತದೆ. ವಿಷಯವನ್ನು ಒಂದೊಂದಾಗಿ ಬಿಡಿಸಿ ನೋಡೋಣ.

ಚುಟುಕಾಗಿ ಹೇಳುವುದಾದರೆ

ಟ್ಯಾಂಕ್ ಕಿತ್ತರೆ ಹೊಸದಾಗಿ ಸೋರುವುದು ನಿಲ್ಲುತ್ತದೆ, ಅಷ್ಟೇ. ಅದು ನೆಲದಲ್ಲಿದ್ದಾಗ ಏನಾದರೂ ಸೋರಿದ್ದರೆ, ಆ ಇಂಧನ ಮಣ್ಣಿನಲ್ಲಿ, ಬಂಡೆಯ ಬಿರುಕಿನಲ್ಲಿ, ಅಂತರ್ಜಲದಲ್ಲಿ ಹಾಗೇ ಉಳಿದಿರುತ್ತದೆ. ಉಳಿದಿದೆಯೋ ಇಲ್ಲವೋ ಎಂಬುದನ್ನು ಬಣ್ಣ, ವಾಸನೆ, ರುಚಿ ನೋಡಿ ಹೇಳಲಾಗದು. ಟ್ಯಾಂಕ್ ಕಿತ್ತ ದಿನ ಗುಂಡಿಯ ತಳದ ಮಣ್ಣು ಪರೀಕ್ಷಿಸಬೇಕು. ಅನುಮಾನ ಬಂದರೆ ಸುತ್ತ ಪರೀಕ್ಷಾ ಬಾವಿ ತೋಡಿ ಕೆಲವು ವರ್ಷ ನೀರಿನ ಮೇಲೆ ನಿಗಾ ಇಡಬೇಕು. ಬೇರೆ ದಾರಿಯಿಲ್ಲ.

ಈ ಪ್ರಶ್ನೆ ಈಗೇಕೆ?

ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇ 2023ರ ಮಾರ್ಚ್ 12ರಂದು ಉದ್ಘಾಟನೆಯಾಯಿತು. ರಾಮನಗರ, ಚನ್ನಪಟ್ಟಣ ಎರಡನ್ನೂ ಹೊರಗಿನಿಂದಲೇ ದಾಟಿಸುವ ಬೈಪಾಸ್ ಬಂತು. ಹಳೆಯ ಹೆದ್ದಾರಿಯಲ್ಲಿ ದಿನವಿಡೀ ಸಾಲುಗಟ್ಟುತ್ತಿದ್ದ ಕಾರು, ಬಸ್ಸು ಕಡಿಮೆಯಾದವು. ಹೋಟೆಲ್, ಗೊಂಬೆ ಅಂಗಡಿ, ಎಳನೀರಿನವರಿಗೆ ಆದ ಹೊಡೆತದ ಬಗ್ಗೆ ಸಾಕಷ್ಟು ಸುದ್ದಿಯಾಯಿತು. ರಸ್ತೆ ಬದಲಾದಾಗ ಬಂಕ್‌ಗಳ ಲೆಕ್ಕವೂ ಬದಲಾಗುತ್ತದೆ. ವ್ಯಾಪಾರ ಇಳಿದರೆ ಕೆಲವು ಮುಚ್ಚಬಹುದು, ಕೆಲವು ಹೊಸ ರಸ್ತೆಗೆ ಹೋಗಬಹುದು, ಕೆಲವು ಹಳೆಯ ಟ್ಯಾಂಕ್ ತೆಗೆದು ಹೊಸದು ಹಾಕಬಹುದು. ಆಗೆಲ್ಲ ನೆಲ ಅಗೆಯುತ್ತಾರೆ. ಹಳೆಯ ಟ್ಯಾಂಕ್ ಹೊರಬರುತ್ತದೆ.

ಇದು ಹೆದ್ದಾರಿ ಊರುಗಳ ಸಮಾಚಾರ ಮಾತ್ರವಲ್ಲ. ವಿರೂಪಾಕ್ಷಿಪುರದಂಥ ಹೋಬಳಿ ಕೇಂದ್ರಗಳ ಆಸುಪಾಸಿನಲ್ಲೂ ಕುಡಿಯಲು, ತೆಂಗಿಗೆ, ಹಿಪ್ಪುನೇರಳೆಗೆ ಜನ ನಂಬಿರುವುದು ಬೋರ್‌ವೆಲ್ ನೀರನ್ನೇ. ವಾಟರ್‌ಮನ್ ಮೋಟಾರ್ ಹಾಕಿದರೆ ಒಂದೇ ಬೋರ್‌ನಿಂದ ಇಡೀ ಬೀದಿಯ ಸಿಸ್ಟನ್ ತುಂಬುತ್ತದೆ. ಹಾಗಾಗಿ ಒಂದು ಬೋರ್ ಕೆಟ್ಟರೆ ಇಡೀ ಬೀದಿಗೆ ನೀರಿನ ಚಿಂತೆ. ಇಂಧನದ ಟ್ಯಾಂಕ್ ಇರುವುದು ಬಂಕ್‌ಗಳಲ್ಲಿ ಮಾತ್ರವೂ ಅಲ್ಲ. ಬಸ್ ಡಿಪೋಗಳಲ್ಲಿ, ಕಾರ್ಖಾನೆಗಳಲ್ಲಿ, ದೊಡ್ಡ ಜನರೇಟರ್ ಇರುವ ಕಡೆಗಳಲ್ಲೂ ಡೀಸೆಲ್ ಸಂಗ್ರಹ ಇರುತ್ತದೆ.

ಒಂದು ಮಾತು ಸ್ಪಷ್ಟವಾಗಿರಲಿ. ಈ ಭಾಗದ ಇಂಥದೇ ಬಂಕ್ ಸೋರಿದೆ ಎಂದು ನಾವು ಹೇಳುತ್ತಿಲ್ಲ. ಈ ಲೇಖನವನ್ನು ಆ ಅರ್ಥದಲ್ಲಿ ಹಂಚಬೇಡಿ. ಯಾವ ಟ್ಯಾಂಕ್ ಹೊರಬಂದರೂ ಕೇಳಬೇಕಾದ ಪ್ರಶ್ನೆಗಳು ಯಾವುವು ಎಂಬುದಷ್ಟೇ ಇಲ್ಲಿನ ವಿಷಯ.

ಟ್ಯಾಂಕ್ ಸೋರುವುದು ಹೇಗೆ?

ಬಂಕ್‌ನಲ್ಲಿ ನಮಗೆ ಕಾಣುವುದು ಪೈಪು, ನಾಝಲ್, ಮೀಟರ್. ಹತ್ತಿಪ್ಪತ್ತು ಸಾವಿರ ಲೀಟರ್ ಹಿಡಿಯುವ ಟ್ಯಾಂಕ್‌ಗಳು ಇರುವುದು ಕಾಲಡಿಯಲ್ಲಿ. ಹಳೆಯವು ಹೆಚ್ಚಾಗಿ ಒಂದೇ ಪದರದ ಉಕ್ಕಿನವು. ತೇವದ ಮಣ್ಣಿನಲ್ಲಿ ವರ್ಷಗಟ್ಟಲೆ ಕೂತ ಉಕ್ಕು ತುಕ್ಕು ಹಿಡಿಯುತ್ತದೆ. ಟ್ಯಾಂಕ್‌ಗಿಂತ ಮೊದಲು ಕೈಕೊಡುವುದು ಎಷ್ಟೋ ಸಲ ಅದರಿಂದ ಪಂಪ್‌ಗೆ ಹೋಗುವ ಪೈಪು ಮತ್ತು ಅದರ ಜಾಯಿಂಟ್‌ಗಳು. ಲಾರಿಯಿಂದ ಟ್ಯಾಂಕ್‌ಗೆ ಇಳಿಸುವಾಗ ಚೆಲ್ಲುವುದೂ ಸೇರಿಕೊಳ್ಳುತ್ತದೆ.

ದೊಡ್ಡ ತೂತಾದರೆ ಮಾಲೀಕರಿಗೇ ಮೊದಲು ಗೊತ್ತಾಗುತ್ತದೆ, ದುಡ್ಡು ಸೋರುತ್ತದಲ್ಲ. ತೊಂದರೆ ಇರುವುದು ಸಣ್ಣ ತೂತಿನಲ್ಲಿ. ಸೆಕೆಂಡಿಗೆ ಒಂದು ಹನಿ ಸೋರುತ್ತಿದೆ ಎಂದುಕೊಳ್ಳಿ. ಪೆಟ್ರೋಲ್ ಹನಿ ನೀರಿನ ಹನಿಗಿಂತ ಚಿಕ್ಕದು. 50 ಹನಿ ಸೇರಿದರೆ ಒಂದು ಮಿಲಿಲೀಟರ್ ಎಂದು ಲೆಕ್ಕ ಹಾಕಿದರೂ ದಿನಕ್ಕೆ ಸುಮಾರು 1.7 ಲೀಟರ್ ಆಯಿತು. ವರ್ಷಕ್ಕೆ 600 ಲೀಟರ್ ಮೀರಿತು. ದಿನಕ್ಕೆ ಸಾವಿರಾರು ಲೀಟರ್ ಮಾರುವ ಬಂಕ್‌ನ ಲೆಕ್ಕದ ಪುಸ್ತಕದಲ್ಲಿ ಈ 1.7 ಲೀಟರ್ ಕಾಣುವುದೇ ಇಲ್ಲ. ಬಿಸಿಲಿಗೆ ಆವಿಯಾಯಿತು, ಅಳತೆಯಲ್ಲಿ ಹೆಚ್ಚುಕಡಿಮೆಯಾಯಿತು ಎಂದು ಅದು ಮರೆತುಹೋಗುತ್ತದೆ.

ಒಂದು ಲೀಟರ್‌ಗೆ ಎಷ್ಟು ನೀರು ಕೆಡುತ್ತದೆ?

ಪೆಟ್ರೋಲ್ ಎಂದರೆ ಒಂದೇ ವಸ್ತುವಲ್ಲ, ನೂರಾರು ರಾಸಾಯನಿಕಗಳ ಮಿಶ್ರಣ. ಅದರಲ್ಲಿ ನಾಲ್ಕು ಹೆಸರು ನೆನಪಿಡಿ: ಬೆಂಜೀನ್, ಟಾಲ್ವೀನ್, ಈಥೈಲ್‌ಬೆಂಜೀನ್, ಕ್ಸೈಲೀನ್. ನಾಲ್ಕನ್ನೂ ಸೇರಿಸಿ ಪ್ರಯೋಗಾಲಯದವರು ‘ಬಿಟೆಕ್ಸ್’ ಎನ್ನುತ್ತಾರೆ. ಇಂಧನದ ಉಳಿದ ಅಂಶಗಳಿಗೆ ಹೋಲಿಸಿದರೆ ಇವು ನೀರಿನಲ್ಲಿ ಚೆನ್ನಾಗಿ ಕರಗುತ್ತವೆ, ನೀರಿನ ಜೊತೆ ದೂರ ಹೋಗುತ್ತವೆ. ಬೆಂಜೀನ್ ಮನುಷ್ಯರಲ್ಲಿ ರಕ್ತದ ಕ್ಯಾನ್ಸರ್ ತರಬಲ್ಲದು ಎಂಬುದು ಸಾಬೀತಾದ ವಿಷಯ. ಕ್ಯಾನ್ಸರ್ ಸಂಶೋಧನೆಯ ಅಂತರರಾಷ್ಟ್ರೀಯ ಸಂಸ್ಥೆ ಅದನ್ನು ಮೊದಲನೇ ಗುಂಪಿನಲ್ಲಿ, ಅಂದರೆ ಕ್ಯಾನ್ಸರ್‌ಕಾರಕ ಎಂದು ಖಚಿತವಾದ ವಸ್ತುಗಳ ಸಾಲಿನಲ್ಲಿ ಇಟ್ಟಿದೆ.

ಕುಡಿಯುವ ನೀರಿನಲ್ಲಿ ಬೆಂಜೀನ್ ಲೀಟರ್‌ಗೆ 10 ಮೈಕ್ರೋಗ್ರಾಂ ಮೀರಬಾರದು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿ. ಮೈಕ್ರೋಗ್ರಾಂ ಎಂದರೆ ಒಂದು ಗ್ರಾಂನ ಹತ್ತು ಲಕ್ಷದಲ್ಲಿ ಒಂದು ಪಾಲು. ನಮ್ಮಲ್ಲಿ ಈಗ ಮಾರುವ ಬಿಎಸ್-6 ಪೆಟ್ರೋಲ್‌ನಲ್ಲಿ ಬೆಂಜೀನ್ ಶೇ 1ರವರೆಗೆ ಇರಬಹುದು.

ಲೆಕ್ಕ ಹಾಕಿ ನೋಡಿ. ಒಂದು ಲೀಟರ್ ಪೆಟ್ರೋಲ್‌ನಲ್ಲಿ 10 ಮಿಲಿಲೀಟರ್, ಅಂದರೆ ಸುಮಾರು 8.8 ಗ್ರಾಂ ಬೆಂಜೀನ್. ಅಷ್ಟೂ ನೀರಿಗೆ ಸೇರಿದರೆ ಸುಮಾರು 8 ಲಕ್ಷ 80 ಸಾವಿರ ಲೀಟರ್ ನೀರನ್ನು ಆ ಮಿತಿಯ ಅಂಚಿಗೆ ತರಬಲ್ಲದು. 6,000 ಲೀಟರ್‌ನ ನೀರಿನ ಟ್ಯಾಂಕರ್‌ಗಳಲ್ಲಿ ಹೇಳುವುದಾದರೆ ಸುಮಾರು 147 ಲೋಡ್. ವಾಸ್ತವದಲ್ಲಿ ಪೂರ್ತಿ ಬೆಂಜೀನ್ ನೀರಿಗೆ ಸೇರುವುದಿಲ್ಲ. ಒಂದಷ್ಟು ಆವಿಯಾಗುತ್ತದೆ, ಒಂದಷ್ಟು ಮಣ್ಣಿಗೆ ಅಂಟುತ್ತದೆ, ಒಂದಷ್ಟನ್ನು ಬ್ಯಾಕ್ಟೀರಿಯಾ ತಿನ್ನುತ್ತವೆ. ಆದರೂ ‘ಒಂದೆರಡು ಲೀಟರ್ ಸೋರಿದರೆ ಏನಾಗುತ್ತೆ’ ಎಂಬ ಮಾತು ಎಷ್ಟು ಹಗುರವಾದದ್ದು ಎಂದು ಈ ಲೆಕ್ಕ ತೋರಿಸುತ್ತದೆ.

ಡೀಸೆಲ್‌ನಲ್ಲಿ ಬೆಂಜೀನ್ ತೀರಾ ಕಡಿಮೆ. ಆದರೆ ಅದು ಬೇಗ ಆವಿಯಾಗುವುದಿಲ್ಲ, ಮಣ್ಣಿಗೆ ಅಂಟಿಕೊಂಡು ವರ್ಷಗಟ್ಟಲೆ ಕೂರುತ್ತದೆ. ಇನ್ನು ನಮ್ಮ ದೇಶದಲ್ಲಿ ಸೀಸ ಬೆರೆಸಿದ ಪೆಟ್ರೋಲ್ ಮಾರಾಟ ನಿಂತದ್ದು 2000ನೇ ಇಸವಿಯಲ್ಲಿ. ಅದಕ್ಕೂ ಹಿಂದಿನಿಂದ ಇರುವ ಬಂಕ್‌ಗಳ ಜಾಗದಲ್ಲಿ ಸೀಸವನ್ನೂ ಪರೀಕ್ಷಿಸಬೇಕು.

ನೆಲದೊಳಗೆ ಹೋದ ಪೆಟ್ರೋಲ್ ಎಲ್ಲಿಗೆ ಹೋಗುತ್ತದೆ?

ಸೋರಿದ ಇಂಧನ ಮೊದಲು ನೇರ ಕೆಳಗಿಳಿಯುತ್ತದೆ. ದಾರಿಯಲ್ಲಿ ಮಣ್ಣಿನ ಸಂದಿಗಳಲ್ಲಿ ಒಂದಷ್ಟು ಸಿಕ್ಕಿಕೊಳ್ಳುತ್ತದೆ. ಅಂತರ್ಜಲ ಸಿಕ್ಕಿದ ಕೂಡಲೇ ಅದರ ಮೇಲೆ ತೇಲುತ್ತದೆ, ಯಾಕೆಂದರೆ ಪೆಟ್ರೋಲ್, ಡೀಸೆಲ್ ಎರಡೂ ನೀರಿಗಿಂತ ಹಗುರ. ತೇಲುವ ಆ ಪದರದಿಂದ ಬೆಂಜೀನ್‌ನಂಥವು ನಿಧಾನವಾಗಿ ಕರಗಿ ನೀರು ಹರಿಯುವ ದಿಕ್ಕಿಗೆ ಸಾಗುತ್ತವೆ.

ಬೇಸಿಗೆಯಲ್ಲಿ ನೀರು ಇಳಿದಾಗ ತೇಲುವ ಪದರವೂ ಇಳಿಯುತ್ತದೆ, ದಾರಿಯಲ್ಲಿ ಮಣ್ಣಿಗೆ ಬಳಿದುಕೊಂಡು ಹೋಗುತ್ತದೆ. ಮಳೆಗಾಲದಲ್ಲಿ ನೀರು ಏರಿದಾಗ ಹಾಗೆ ಬಳಿದುಕೊಂಡದ್ದು ಮತ್ತೆ ನೀರಿಗೆ ಸಿಗುತ್ತದೆ. ಹಾಗಾಗಿ ಟ್ಯಾಂಕ್ ಕಿತ್ತು ಎರಡು ವರ್ಷ ಏನೂ ಕಾಣದೆ, ಒಳ್ಳೆಯ ಮಳೆಯಾದ ವರ್ಷ ಇದ್ದಕ್ಕಿದ್ದಂತೆ ನೀರಿನಲ್ಲಿ ವಾಸನೆ ಬರುವುದು ಸಾಧ್ಯ. ರಾಮನಗರ, ಚನ್ನಪಟ್ಟಣ ಕಡೆಯವರಿಗೆ 2022ರ ಆಗಸ್ಟ್ ಕೊನೆಯ ಮಳೆ ನೆನಪಿರಬಹುದು. ಹೆದ್ದಾರಿಯ ಮೇಲೇ ನೀರು ನಿಂತ ವರ್ಷ ಅದು. ಅಂಥ ವರ್ಷದಲ್ಲಿ ಅಂತರ್ಜಲದ ಮಟ್ಟ ಮೇಲೇರುತ್ತದೆ. ಒಂದು ಬೇಸಿಗೆಯಲ್ಲಿ ಒಂದೇ ಸಲ ನೀರು ಪರೀಕ್ಷಿಸಿ ‘ಎಲ್ಲ ಸರಿ ಇದೆ’ ಎನ್ನಲಾಗದು ಎಂಬುದಕ್ಕೆ ಕಾರಣ ಇದೇ.

ನಮ್ಮ ಬಂಡೆ ನೆಲದಲ್ಲಿ ಏನು ವ್ಯತ್ಯಾಸ?

ರಾಮನಗರಕ್ಕೆ ಬ್ರಿಟಿಷರ ಕಾಲದಲ್ಲಿ ಕ್ಲೋಸ್‌ಪೇಟೆ ಎಂಬ ಹೆಸರಿತ್ತು. ಆ ಹೆಸರು ಈಗ ಊರಿಗಿಲ್ಲ, ಆದರೆ ಭೂವಿಜ್ಞಾನದ ಪುಸ್ತಕಗಳಲ್ಲಿ ಉಳಿದಿದೆ. ಇಲ್ಲಿನ ಬೆಟ್ಟಗಳ ಕಲ್ಲಿಗೆ ಇಂದಿಗೂ ‘ಕ್ಲೋಸ್‌ಪೇಟ್ ಗ್ರಾನೈಟ್’ ಎಂದೇ ಹೆಸರು. ಸುಮಾರು 250 ಕೋಟಿ ವರ್ಷದ ಹಿಂದೆ ಕರಗಿದ ಶಿಲೆ ನೆಲದಾಳದಲ್ಲಿ ಗಟ್ಟಿಯಾಗಿ ಹುಟ್ಟಿದ ಕಲ್ಲು ಇದು. ದಕ್ಷಿಣದಿಂದ ಉತ್ತರಕ್ಕೆ ನೂರಾರು ಕಿಲೋಮೀಟರ್ ಉದ್ದಕ್ಕೆ ಪಟ್ಟಿಯಂತೆ ಹಬ್ಬಿದೆ.

ಇದರಿಂದ ಎರಡು ವಿಷಯ ಗೊತ್ತಾಗುತ್ತವೆ.

ಒಂದು, ‘ಊರಿನ ಕೆಳಗೆ ಎಣ್ಣೆ ನಿಕ್ಷೇಪ’ ಎಂಬ ಫಾರ್ವರ್ಡ್ ಇಲ್ಲಿಗೆ ಹೊಂದುವುದೇ ಇಲ್ಲ. ಕಚ್ಚಾ ತೈಲ ಸಿಗುವುದು ಕೆಸರು, ಮರಳು ಪದರಪದರವಾಗಿ ಕೂತು ಕಲ್ಲಾದ ಪ್ರದೇಶಗಳಲ್ಲಿ. ಬೆಂಕಿಯಂಥ ಶಿಲಾರಸದಿಂದ ಹುಟ್ಟಿದ ಈ ಗ್ರಾನೈಟ್‌ನಲ್ಲಿ ಅಲ್ಲ. ಜೊತೆಗೆ ಭೂಮಿಯಿಂದ ಬರುವುದು ಕಚ್ಚಾ ತೈಲ. ಅದು ಪೆಟ್ರೋಲ್ ಆಗುವುದು ರಿಫೈನರಿಯಲ್ಲಿ. ಬಂಕ್‌ನಲ್ಲಿ ಬರುವ ವಾಸನೆಯೇ ನಿಮ್ಮ ಬೋರ್ ನೀರಿನಲ್ಲೂ ಬರುತ್ತಿದ್ದರೆ, ಅದು ಮನುಷ್ಯರ ಟ್ಯಾಂಕಿನಿಂದಲೋ ಪೈಪಿನಿಂದಲೋ ಬಂದದ್ದು.

ಎರಡು, ಈ ನೆಲದಲ್ಲಿ ನೀರು ಹರಿಯುವ ರೀತಿಯೇ ಬೇರೆ. ಮೇಲೆ ಮಣ್ಣು, ಅದರ ಕೆಳಗೆ ಗರಸು, ಅದರ ಕೆಳಗೆ ಗಟ್ಟಿ ಬಂಡೆ. ಬಂಡೆಯೊಳಗೆ ನೀರಿರುವುದು ಬಿರುಕುಗಳಲ್ಲಿ ಮಾತ್ರ. ಬೋರ್ ಕೊರೆಯುವವರು ‘ಗ್ಯಾಪ್ ಸಿಕ್ಕಿತು’ ಎನ್ನುತ್ತಾರಲ್ಲ, ಅದೇ. ಮರಳು ನೆಲದಲ್ಲಿ ಕೊಳಕು ನಿಧಾನವಾಗಿ, ಊಹಿಸಬಹುದಾದ ದಿಕ್ಕಿಗೆ ಹರಡುತ್ತದೆ. ಬಿರುಕು ಬಂಡೆಯಲ್ಲಿ ಪಕ್ಕದ ಬೋರ್‌ಗೆ ಏನೂ ಆಗದೆ, ಅದೇ ಬಿರುಕಿನ ಮೇಲಿರುವ ದೂರದ ಬೋರ್ ಕೆಡಬಹುದು. ‘ನನ್ನ ಬೋರ್ ಬಂಕ್ ಪಕ್ಕವೇ ಇದೆ, ಚೆನ್ನಾಗಿದೆ, ನಿನ್ನದು ಅಷ್ಟು ದೂರ, ನಿನಗೇನು ಭಯ’ ಎನ್ನುವುದು ಇಲ್ಲಿ ಭರವಸೆಯ ಮಾತಲ್ಲ.

ಬೇರೆ ಕಡೆ ಹೀಗಾಗಿದೆಯೇ?

ಹತ್ತಿರದ ಉದಾಹರಣೆ ಚೆನ್ನೈನದ್ದು. 2013ರಲ್ಲಿ ಅಲ್ಲಿನ ತೊಂಡಿಯಾರ್‌ಪೇಟೆಯ ನಿವಾಸಿಗಳ ಬೋರ್‌ವೆಲ್‌ಗಳಲ್ಲಿ ನೀರಿನ ಜೊತೆ ಇಂಧನ ಬರತೊಡಗಿತು. ಮೂಲ ಹುಡುಕಿದಾಗ ಸಿಕ್ಕಿದ್ದು ಬಂದರಿನಿಂದ ತೊಂಡಿಯಾರ್‌ಪೇಟೆಗೆ ಇಂಧನ ಸಾಗಿಸುತ್ತಿದ್ದ ಭಾರತ್ ಪೆಟ್ರೋಲಿಯಂನ ಹಳೆಯ ಪೈಪ್‌ಲೈನ್. ಪ್ರಕರಣ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಗೆ ಹೋಯಿತು. ಅಲ್ಲಿ ಸೋರಿದ್ದು ಬಂಕ್ ಟ್ಯಾಂಕ್ ಅಲ್ಲ, ಪೈಪು. ಆದರೆ ಪಾಠ ಒಂದೇ: ಸೋರಿಕೆ ನಿಲ್ಲಿಸಿದ ಮೇಲೂ ನೆಲ, ನೀರು ಶುದ್ಧ ಮಾಡುವ ಕೆಲಸ ವರ್ಷಗಟ್ಟಲೆ ಎಳೆಯಿತು.

ಟ್ಯಾಂಕ್‌ಗಳದ್ದೇ ಕಥೆ ಬೇಕೆಂದರೆ ಅಮೆರಿಕ ನೋಡಬೇಕು. ಅಲ್ಲಿ 1984ರಲ್ಲಿ ನೆಲದಡಿಯ ಟ್ಯಾಂಕ್‌ಗಳಿಗೆಂದೇ ಕಾನೂನು ಬಂತು. ಅಂದಿನಿಂದ ಈವರೆಗೆ ಸಿಕ್ಕಿರುವ ಸೋರಿಕೆಗಳು 5 ಲಕ್ಷ 50 ಸಾವಿರಕ್ಕೂ ಹೆಚ್ಚು. ಅದರಲ್ಲಿ ಬಹುಪಾಲು ಜಾಗಗಳನ್ನು ಶುದ್ಧ ಮಾಡಿ ಮುಗಿಸಿದ್ದಾರೆ, ಇನ್ನೂ ಸಾವಿರಾರು ಬಾಕಿ ಇವೆ. ಅಲ್ಲಿನ ನಿಯಮದ ಪ್ರಕಾರ ಟ್ಯಾಂಕ್ ಶಾಶ್ವತವಾಗಿ ಮುಚ್ಚುವವರು ಮೊದಲೇ ಸರ್ಕಾರಕ್ಕೆ ತಿಳಿಸಬೇಕು. ಸೋರಿಕೆ ಇರಬಹುದಾದ ಜಾಗಗಳಲ್ಲಿ ಮಣ್ಣು, ನೀರು ಅಳೆದು ನೋಡಿದ ಮೇಲಷ್ಟೇ ಕೆಲಸ ಮುಗಿದ ಲೆಕ್ಕ.

ಕ್ಯಾಲಿಫೋರ್ನಿಯಾದ ಸಾಂಟಾ ಮೋನಿಕಾ ಎಂಬ ಊರು 1996ರಲ್ಲಿ ತನ್ನ ಬಾವಿಗಳನ್ನು ಮುಚ್ಚಬೇಕಾಯಿತು. ಬಂಕ್ ಟ್ಯಾಂಕ್‌ಗಳಿಂದ ಸೋರಿದ ಪೆಟ್ರೋಲ್‌ನಲ್ಲಿದ್ದ ಎಂಟಿಬಿಇ ಎಂಬ ರಾಸಾಯನಿಕ ಅಂತರ್ಜಲಕ್ಕೆ ಸೇರಿತ್ತು. ಊರು ತನ್ನ ನೀರಿನ ಸುಮಾರು ಅರ್ಧ ಭಾಗ ಕಳೆದುಕೊಂಡಿತು. ಶುದ್ಧೀಕರಣ ಘಟಕ ಕಟ್ಟಿ ಆ ನೀರನ್ನು ಮತ್ತೆ ನಲ್ಲಿಗೆ ತರಲು ಹೆಚ್ಚುಕಡಿಮೆ 14 ವರ್ಷ ಹಿಡಿಯಿತು.

ಸಮಾಧಾನದ ಸಂಗತಿಯೂ ಇದೆ. ಅಮೆರಿಕದ ಲಾರೆನ್ಸ್ ಲಿವರ್‌ಮೋರ್ ರಾಷ್ಟ್ರೀಯ ಪ್ರಯೋಗಾಲಯ 1995ರಲ್ಲಿ ಕ್ಯಾಲಿಫೋರ್ನಿಯಾದ ಸೋರಿದ ಟ್ಯಾಂಕ್‌ಗಳ ಅಧ್ಯಯನ ಮಾಡಿತು. ಬಹುಪಾಲು ಕಡೆ ಬೆಂಜೀನ್ ಸುಮಾರು 250 ಅಡಿಯೊಳಗೇ ನಿಂತಿತ್ತು. ಮಣ್ಣಿನ ಬ್ಯಾಕ್ಟೀರಿಯಾ ಅದನ್ನು ತಿಂದು ಕರಗಿಸುತ್ತಿದ್ದವು. ಅಂದರೆ ಪ್ರತಿ ಸೋರಿಕೆಯೂ ಊರಿಗೆ ಊರನ್ನೇ ಹಾಳು ಮಾಡುವುದಿಲ್ಲ. ಆದರೆ ನಮ್ಮ ಬಿರುಕು ಬಂಡೆಗೆ ಆ 250 ಅಡಿಯ ಲೆಕ್ಕವನ್ನು ಹಾಗೇ ತಂದು ಅಂಟಿಸಲಾಗದು. ಇನ್ನೊಂದು ವಿಷಯ: ಈಗ ಪೆಟ್ರೋಲ್‌ಗೆ ಶೇ 20ರವರೆಗೆ ಎಥನಾಲ್ ಬೆರೆಸಲಾಗುತ್ತಿದೆ. ಎಥನಾಲ್ ಸಿಕ್ಕರೆ ಬ್ಯಾಕ್ಟೀರಿಯಾ ಮೊದಲು ಅದನ್ನೇ ತಿನ್ನುತ್ತವೆ, ಅದಕ್ಕೇ ಆಮ್ಲಜನಕ ಖರ್ಚಾಗುತ್ತದೆ. ಹೀಗಾಗಿ ಬೆಂಜೀನ್ ಹೆಚ್ಚು ಕಾಲ ಉಳಿದು ಹೆಚ್ಚು ದೂರ ಹೋಗಬಹುದು ಎಂದು ಅಧ್ಯಯನಗಳು ಹೇಳುತ್ತವೆ.

ನಿಗಾ ಇಡುವುದು ಎಂದರೆ ಏನು ಮಾಡುವುದು?

ಮೊದಲ ಹೆಜ್ಜೆ ಗುಂಡಿ ತೆರೆದಿರುವಾಗಲೇ. ಟ್ಯಾಂಕ್ ಎತ್ತಿದ ಕೂಡಲೇ ಅದರ ಮೈಯಲ್ಲಿ ತೂತು, ತುಕ್ಕು ಇದೆಯೇ ನೋಡಬೇಕು. ಟ್ಯಾಂಕ್‌ನ ಎರಡೂ ತುದಿಯ ಕೆಳಗಿನ ಮಣ್ಣು, ಪೈಪ್ ಹೋಗಿದ್ದ ದಾರಿಯ ಮಣ್ಣು, ಇಂಧನ ತುಂಬುತ್ತಿದ್ದ ಬಾಯಿಯ ಕೆಳಗಿನ ಮಣ್ಣು ತೆಗೆದು ಪ್ರಯೋಗಾಲಯಕ್ಕೆ ಕಳಿಸಬೇಕು. ಗುಂಡಿಯಲ್ಲಿ ನೀರು ಕಂಡರೆ ಅದರ ಮಾದರಿಯನ್ನೂ ತೆಗೆಯಬೇಕು. ಇದು ಒಂದೆರಡು ದಿನದ ಕೆಲಸ. ಗುಂಡಿ ಮುಚ್ಚಿ ಕಾಂಕ್ರೀಟ್ ಹಾಕಿದ ಮೇಲೆ ಇದನ್ನೇ ಮಾಡಲು ಮತ್ತೆ ಕೊರೆಯಬೇಕು, ಖರ್ಚು ಎಷ್ಟೋ ಪಟ್ಟು ಏರುತ್ತದೆ.

ಮಣ್ಣಿನಲ್ಲಿ ಇಂಧನ ಕಂಡರೆ ಎರಡನೇ ಹೆಜ್ಜೆ: ಪರೀಕ್ಷಾ ಬಾವಿಗಳು. ಇವು ಕೆಲವೇ ಇಂಚು ಅಗಲದ, ಸೀಳುಗಳಿರುವ ಪೈಪ್ ಇಳಿಸಿದ ಸಣ್ಣ ಬಾವಿಗಳು. ಕನಿಷ್ಠ ಮೂರು ಬೇಕು. ಮೂರರಲ್ಲೂ ನೀರಿನ ಮಟ್ಟ ಅಳೆದರೆ ನೀರು ಯಾವ ಕಡೆ ಹರಿಯುತ್ತಿದೆ ಎಂದು ಗೊತ್ತಾಗುತ್ತದೆ. ಒಂದು ಬಾವಿ ಟ್ಯಾಂಕ್ ಇದ್ದ ಜಾಗದ ಮೇಲುಭಾಗದಲ್ಲಿ, ಉಳಿದವು ಕೆಳಭಾಗದಲ್ಲಿ. ಬಂಡೆ ನೆಲದಲ್ಲಿ ಮೂರು ಸಾಲದೆ ಹೋಗಬಹುದು, ಬಿರುಕು ಎಲ್ಲಿದೆ ಎಂದು ನೋಡಿ ಜಾಗ ಆರಿಸಬೇಕು.

‘ಊರ ಬೋರ್ ಇದೆಯಲ್ಲ, ಅದರ ನೀರನ್ನೇ ಪರೀಕ್ಷಿಸಿದರಾಯಿತು’ ಎನ್ನಬಹುದು. ಅದನ್ನೂ ಪರೀಕ್ಷಿಸಬೇಕು ನಿಜ, ಆದರೆ ಅದೊಂದೇ ಸಾಲದು. ಇಂಧನ ತೇಲುವುದು ನೀರಿನ ಮೇಲ್ಮಟ್ಟದಲ್ಲಿ, ನಮ್ಮ ಮೋಟಾರ್ ಇರುವುದು ನೂರಾರು ಅಡಿ ಆಳದಲ್ಲಿ. ಆಳದ ನೀರಿನಲ್ಲಿ ಕಾಣಿಸಿಕೊಳ್ಳುವ ಹೊತ್ತಿಗೆ ಕೊಳಕು ಸಾಕಷ್ಟು ದೂರ ಬಂದಿರುತ್ತದೆ. ಪರೀಕ್ಷಾ ಬಾವಿ ಮುಂಚಿತವಾಗಿ ಎಚ್ಚರಿಸಲು ಇರುವುದು.

ಮೂರನೇ ಹೆಜ್ಜೆ ಸಮಯ. ಮಳೆಗಾಲಕ್ಕೆ ಮುಂಚೆ ಒಮ್ಮೆ, ಮಳೆಗಾಲದ ನಂತರ ಒಮ್ಮೆಯಾದರೂ ಮಾದರಿ ತೆಗೆಯಬೇಕು. ಮೂರು ತಿಂಗಳಿಗೊಮ್ಮೆ ಆದರೆ ಇನ್ನೂ ಒಳ್ಳೆಯದು. ಒಂದೇ ಅಂಕಿಯಿಂದ ಏನೂ ತಿಳಿಯದು. ಅಂಕಿ ಏರುತ್ತಿದೆಯೋ, ನಿಂತಿದೆಯೋ, ಇಳಿಯುತ್ತಿದೆಯೋ ಎಂಬುದೇ ಮುಖ್ಯ. ಸತತವಾಗಿ ಇಳಿದು ಮಿತಿಯೊಳಗೆ ನಿಂತರೆ ಆಗ ಧೈರ್ಯವಾಗಿ ‘ಅಪಾಯ ಮುಗಿಯಿತು’ ಎನ್ನಬಹುದು.

ಫಾರ್ವರ್ಡ್‌ಗಳಲ್ಲಿ ಬರುವ ಮಾತುಗಳು: ಯಾವುದು ನಿಜ?

‘ನೀರಿನ ಮೇಲೆ ಕಾಮನಬಿಲ್ಲಿನ ಪೊರೆ ಕಂಡರೆ ಪೆಟ್ರೋಲೇ.’ ಯಾವಾಗಲೂ ಅಲ್ಲ. ಕಬ್ಬಿಣದ ಅಂಶವಿರುವ ನೀರಿನಲ್ಲಿ ಬೆಳೆಯುವ ಬ್ಯಾಕ್ಟೀರಿಯಾ ಕೂಡ ಅಂಥ ಪೊರೆ ಕಟ್ಟುತ್ತವೆ. ಕಡ್ಡಿಯಿಂದ ಕದಡಿ ನೋಡಿ. ಪೊರೆ ಚೂರುಚೂರಾಗಿ ಒಡೆದು ಹಾಗೇ ನಿಂತರೆ ಅದು ಬ್ಯಾಕ್ಟೀರಿಯಾ. ಒಡೆದದ್ದು ಕೂಡಲೇ ಮತ್ತೆ ಕೂಡಿಕೊಂಡರೆ ಎಣ್ಣೆ ಇರಬಹುದು. ಇದು ಮೊದಲ ಸುಳಿವು ಮಾತ್ರ, ಪರೀಕ್ಷೆಗೆ ಬದಲಿಯಲ್ಲ.

‘ವಾಸನೆ ಇಲ್ಲ ಅಂದರೆ ನೀರು ಸರಿ ಇದೆ.’ ತಪ್ಪು. ಬೆಂಜೀನ್ ಮೂಗಿಗೋ ನಾಲಿಗೆಗೋ ಗೊತ್ತಾಗಬೇಕಾದರೆ ಮಿತಿಗಿಂತ ಹತ್ತಾರು ಪಟ್ಟು ಹೆಚ್ಚು ಇರಬೇಕು. ವಾಸನೆ ಬಂದರೆ ಕುಡಿಯಬೇಡಿ. ಬರದಿದ್ದರೆ ಅದೇ ಪ್ರಮಾಣಪತ್ರ ಎಂದುಕೊಳ್ಳಬೇಡಿ.

‘ಕುದಿಸಿದರೆ ಎಲ್ಲ ಹೋಗುತ್ತದೆ.’ ಕುದಿಸುವುದು ರೋಗಾಣುಗಳಿಗೆ ಮದ್ದು. ಬೆಂಜೀನ್ ಇರುವ ನೀರನ್ನು ಕುದಿಸಿದರೆ ಅದು ಆವಿಯಾಗಿ ಅಡುಗೆಮನೆಯ ಗಾಳಿಗೆ ಸೇರುತ್ತದೆ, ನೀವು ಅದನ್ನೇ ಉಸಿರಾಡುತ್ತೀರಿ.

‘ಆರ್‌ಓ ಘಟಕದ ನೀರು ಕುಡಿಯುತ್ತೇವೆ, ನಮಗೇನು?’ ಉಪ್ಪು, ಫ್ಲೋರೈಡ್ ತೆಗೆಯಲು ಆರ್‌ಓ ಒಳ್ಳೆಯದು. ಬೆಂಜೀನ್‌ನಂಥ ಪುಟ್ಟ ಕಣಗಳನ್ನು ಅದರ ಪೊರೆ ಪೂರ್ತಿ ತಡೆಯುತ್ತದೆ ಎಂದು ನಂಬಲಾಗದು. ಅದರ ಜೊತೆ ಇರುವ ಇದ್ದಿಲಿನ ಫಿಲ್ಟರ್ ಒಂದಷ್ಟು ಹೀರಿಕೊಳ್ಳುತ್ತದೆ, ಆದರೆ ತುಂಬಿದ ಮೇಲೆ ಕೆಲಸ ನಿಲ್ಲಿಸುತ್ತದೆ. ಸ್ನಾನ, ಪಾತ್ರೆಗೆ ಹೇಗೂ ನೇರ ಬೋರ್ ನೀರೇ ಬಳಸುವುದು.

‘ಪಂಚಾಯಿತಿಯವರು ಕಿಟ್‌ನಲ್ಲಿ ಪರೀಕ್ಷಿಸಿದರು, ಪಾಸ್ ಆಯಿತು.’ ಗ್ರಾಮಗಳಿಗೆ ಕೊಟ್ಟಿರುವ ಕಿಟ್ ಗಡಸುತನ, ಫ್ಲೋರೈಡ್, ನೈಟ್ರೇಟ್, ಕಬ್ಬಿಣ, ಕ್ಲೋರಿನ್ ಇಂಥವಕ್ಕೆ. ಪೆಟ್ರೋಲ್ ಹುಡುಕುವ ಶಕ್ತಿ ಅದಕ್ಕಿಲ್ಲ. ನಮ್ಮ ದೇಶದ ಕುಡಿಯುವ ನೀರಿನ ಮಾನದಂಡವಾದ ಐಎಸ್ 10500ರ 2012ರ ಆವೃತ್ತಿಯಲ್ಲೂ ಬೆಂಜೀನ್‌ಗೆ ಪ್ರತ್ಯೇಕ ಮಿತಿ ಇಲ್ಲ. ‘ಖನಿಜ ತೈಲ’ ಲೀಟರ್‌ಗೆ 0.5 ಮಿಲಿಗ್ರಾಂ ಮೀರಬಾರದು ಎಂದಿದೆ. ವಿಶ್ವ ಆರೋಗ್ಯ ಸಂಸ್ಥೆಯ ಬೆಂಜೀನ್ ಮಿತಿಗೆ ಹೋಲಿಸಿದರೆ ಇದು 50 ಪಟ್ಟು ದೊಡ್ಡ ಅಂಕಿ. ಹಾಗಾಗಿ ಲ್ಯಾಬ್‌ಗೆ ಹೋದಾಗ ‘ನೀರು ಕುಡಿಯಬಹುದಾ ನೋಡಿ’ ಎಂದರೆ ಸಾಲದು. ‘ಬಿಟೆಕ್ಸ್ ಮತ್ತು ಒಟ್ಟು ಪೆಟ್ರೋಲಿಯಂ ಹೈಡ್ರೋಕಾರ್ಬನ್ ಪರೀಕ್ಷೆ ಬೇಕು’ ಎಂದು ಬಾಯಿಬಿಟ್ಟು ಕೇಳಬೇಕು.

‘ಹಳೆಯ ಟ್ಯಾಂಕ್ ಸೋಪು ಹಾಕಿ ತೊಳೆದರೆ ನೀರು ತುಂಬಬಹುದು.’ ಬೇಡವೇ ಬೇಡ. ಇಂಧನದ ಅಂಶ ಉಕ್ಕಿನ ತುಕ್ಕಿನೊಳಗೆ ಉಳಿದಿರುತ್ತದೆ. ಇನ್ನೊಂದು ಅಪಾಯ: ಖಾಲಿ ಟ್ಯಾಂಕ್‌ನಲ್ಲಿ ಪೆಟ್ರೋಲ್ ಆವಿ ತುಂಬಿರುತ್ತದೆ. ಆವಿ ಪೂರ್ತಿ ಹೊರಹಾಕದೆ ಗುಜರಿಯವರು ಗ್ಯಾಸ್ ಕಟ್ಟರ್ ಹಿಡಿದರೆ ಸ್ಫೋಟವಾಗಬಹುದು.

ಕಾನೂನಿನಲ್ಲಿ ಏನಿದೆ?

ಬಂಕ್‌ನ ಟ್ಯಾಂಕ್‌ಗಳಿಗೆ ಪರವಾನಗಿ ಕೊಡುವುದು ಕೇಂದ್ರದ ಪೆಟ್ರೋಲಿಯಂ ಮತ್ತು ಸ್ಫೋಟಕಗಳ ಸುರಕ್ಷತಾ ಸಂಸ್ಥೆ, ಅಂದರೆ ಪೆಸೊ. ಅದರ ಮುಖ್ಯ ಗಮನ ಬೆಂಕಿ, ಸ್ಫೋಟ ಆಗದಂತೆ ನೋಡುವುದು. ನೀರಿನ ವಿಷಯ ಬಂದಾಗ ಹೊಣೆ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯದು. 1974ರ ಜಲ ಕಾಯ್ದೆಯ 24ನೇ ಸೆಕ್ಷನ್ ಹೊಳೆಗೆ ಮಾತ್ರವಲ್ಲ, ಬಾವಿಗೂ ಮಾಲಿನ್ಯ ಸೇರಿಸುವುದನ್ನು ನಿಷೇಧಿಸುತ್ತದೆ.

ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2020ರ ಜನವರಿಯಲ್ಲಿ ಹೊಸ ಬಂಕ್‌ಗಳಿಗೆ ಮಾರ್ಗಸೂಚಿ ತಂದಿತು. ಶಾಲೆ, ಆಸ್ಪತ್ರೆ, ಜನವಸತಿಯಿಂದ 50 ಮೀಟರ್ ದೂರ ಇರಬೇಕು, ಅನಿವಾರ್ಯವಾದರೂ 30 ಮೀಟರ್‌ಗಿಂತ ಹತ್ತಿರ ಬರಬಾರದು ಎಂಬುದು ಅದರಲ್ಲಿದೆ. ಆದರೆ ಅದಕ್ಕೂ ಹಿಂದೆ ಊರ ನಡುವೆ ಹುಟ್ಟಿದ ಬಂಕ್‌ಗಳು ಇದ್ದ ಜಾಗದಲ್ಲೇ ಇವೆ.

2025ರ ಜುಲೈನಲ್ಲಿ ಕೇಂದ್ರ ಪರಿಸರ ಸಚಿವಾಲಯ ಕಲುಷಿತ ಸ್ಥಳಗಳ ನಿರ್ವಹಣೆಗೆಂದೇ ಹೊಸ ನಿಯಮ ಹೊರಡಿಸಿತು. ಕಲುಷಿತವಾಗಿದೆ ಎಂದು ಅನುಮಾನವಿರುವ ಜಾಗಗಳ ಪಟ್ಟಿಯನ್ನು ಜಿಲ್ಲಾಡಳಿತ ಆರು ತಿಂಗಳಿಗೊಮ್ಮೆ ಕೊಡಬೇಕು, ಮಾಲಿನ್ಯ ನಿಯಂತ್ರಣ ಮಂಡಳಿ ಗೊತ್ತುಪಡಿಸಿದ ಅವಧಿಯೊಳಗೆ ಪರಿಶೀಲಿಸಬೇಕು, ಕೊಳಕು ಮಾಡಿದವರೇ ಶುದ್ಧೀಕರಣದ ಖರ್ಚು ಹೊರಬೇಕು ಎಂಬುದು ಅದರ ತಿರುಳು. ಇಂಥ ಪಟ್ಟಿಗೆ ಒಂದು ಜಾಗ ಸೇರಬೇಕಾದರೆ ಅನುಮಾನವನ್ನು ಯಾರಾದರೂ ಬರೆದು ಕೊಡಬೇಕು. ಅಲ್ಲಿಯೇ ಊರಿನವರ ಪಾತ್ರ ಶುರುವಾಗುವುದು.

ಊರಿನವರು, ಪಂಚಾಯಿತಿಯವರು ಏನು ಮಾಡಬಹುದು?

ನಿಮ್ಮ ಊರಲ್ಲಿ ಬಂಕ್ ಮುಚ್ಚುತ್ತಿದ್ದರೆ ಅಥವಾ ಟ್ಯಾಂಕ್ ಬದಲಿಸುತ್ತಿದ್ದರೆ ಇವನ್ನು ಕೇಳಿ:

1. ಟ್ಯಾಂಕ್ ಎತ್ತುವ ದಿನ ಯಾವುದು? ಆ ದಿನ ಪಂಚಾಯಿತಿ ಕಡೆಯಿಂದ ಒಬ್ಬರು ಇರಲಿ. ಬೇಲಿಯ ಹೊರಗಿನಿಂದ ಫೋಟೋ ತೆಗೆದಿಡಿ.

2. ಗುಂಡಿಯ ಮಣ್ಣು ಪರೀಕ್ಷೆಗೆ ಹೋಯಿತೇ? ಯಾವ ಲ್ಯಾಬ್‌ಗೆ? ವರದಿಯ ಪ್ರತಿ ಪಂಚಾಯಿತಿಗೆ ಕೊಡುತ್ತಾರೆಯೇ? ವರದಿ ಬರುವ ಮುನ್ನ ಗುಂಡಿ ಮುಚ್ಚಬೇಡಿ ಎಂದು ಬರವಣಿಗೆಯಲ್ಲಿ ಕೇಳಿ.

3. ಅಗೆದು ತೆಗೆದ ಮಣ್ಣು ಎಲ್ಲಿಗೆ ಹೋಯಿತು? ಎಣ್ಣೆ ಕುಡಿದ ಮಣ್ಣನ್ನು ಕೆರೆ ಅಂಗಳಕ್ಕೋ ಯಾರದೋ ಸೈಟಿಗೋ ಸುರಿದರೆ ಸಮಸ್ಯೆ ಜಾಗ ಬದಲಿಸಿತು, ಅಷ್ಟೇ.

4. ಸುತ್ತಲಿನ ಬೋರ್‌ಗಳ ಪಟ್ಟಿ ಮಾಡಿ, ಕುಡಿಯಲು ಬಳಸುವವನ್ನು ಮೊದಲು ಪರೀಕ್ಷೆಗೆ ಕಳಿಸಿ. ಮಾದರಿಯನ್ನು ತಂಪು ಪಾನೀಯದ ಪ್ಲಾಸ್ಟಿಕ್ ಬಾಟಲಿಯಲ್ಲಿ ಒಯ್ದರೆ ಪ್ರಯೋಜನವಿಲ್ಲ. ಲ್ಯಾಬ್‌ನವರೇ ಕೊಡುವ ಗಾಜಿನ ಸೀಸೆಯಲ್ಲಿ ಗುಳ್ಳೆ ಉಳಿಯದಂತೆ ಅಂಚಿನವರೆಗೆ ತುಂಬಿ, ಐಸ್ ಪೆಟ್ಟಿಗೆಯಲ್ಲಿಟ್ಟು ಬೇಗ ತಲುಪಿಸಬೇಕು. ಇಲ್ಲದಿದ್ದರೆ ದಾರಿಯಲ್ಲೇ ಬೆಂಜೀನ್ ಆವಿಯಾಗಿ ವರದಿ ‘ಶುದ್ಧ’ ಎಂದು ಬರುತ್ತದೆ.

5. ಜಾಗ ಮಾರಾಟವಾಗಿ ಅಲ್ಲಿ ಮನೆ, ಕಲ್ಯಾಣ ಮಂಟಪ, ಶಾಲೆ ಏಳುವ ಮುನ್ನ ಈ ವರದಿಗಳನ್ನು ಖರೀದಿಸುವವರೂ ಕೇಳಿ ಪಡೆಯಲಿ. ಹೊಸ ಬೋರ್ ಕೊರೆಸುವುದಾದರೆ ಟ್ಯಾಂಕ್ ಇದ್ದ ಜಾಗದಿಂದ ದೂರ ಇರಲಿ.

ಬೋರ್ ನೀರಿನಲ್ಲಿ ಈಗಾಗಲೇ ಪೆಟ್ರೋಲ್, ಡೀಸೆಲ್ ವಾಸನೆ ಬರುತ್ತಿದ್ದರೆ ಕುಡಿಯುವುದು, ಅಡುಗೆ, ಸ್ನಾನ ಎಲ್ಲಕ್ಕೂ ಆ ನೀರು ನಿಲ್ಲಿಸಿ. ಬೋರ್ ಬಳಿ, ಸಂಪಿನ ಬಳಿ ಬೆಂಕಿ, ಬೀಡಿ, ಸಿಗರೇಟ್ ಬೇಡ. ‘ಹತ್ತಿಕೊಳ್ಳುತ್ತಾ ನೋಡೋಣ’ ಎಂದು ಕಡ್ಡಿ ಗೀರಿ ವಿಡಿಯೋ ಮಾಡಬೇಡಿ. 1992ರ ಏಪ್ರಿಲ್‌ನಲ್ಲಿ ಮೆಕ್ಸಿಕೋದ ಗ್ವಾದಲಹಾರಾ ನಗರದಲ್ಲಿ ಪೈಪ್‌ನಿಂದ ಸೋರಿದ ಪೆಟ್ರೋಲ್ ಒಳಚರಂಡಿ ಸೇರಿ ಸ್ಫೋಟಿಸಿದಾಗ 200ಕ್ಕೂ ಹೆಚ್ಚು ಜನ ಸತ್ತರು. ಅದಕ್ಕೆ ಮುಂಚೆ ಜನ ದಿನಗಟ್ಟಲೆ ವಾಸನೆಯ ದೂರು ಹೇಳಿದ್ದರು. ವಾಸನೆ ಬಂದರೆ ಪಂಚಾಯಿತಿ ಪಿಡಿಒ, ತಹಶೀಲ್ದಾರ್, ಅಗ್ನಿಶಾಮಕ ಠಾಣೆ ಮತ್ತು ಮಾಲಿನ್ಯ ನಿಯಂತ್ರಣ ಮಂಡಳಿಯ ರಾಮನಗರದ ಪ್ರಾದೇಶಿಕ ಕಚೇರಿಗೆ ಬರೆದು ತಿಳಿಸಿ, ಸ್ವೀಕೃತಿ ಪಡೆದಿಟ್ಟುಕೊಳ್ಳಿ.

ನಮ್ಮ ತೀರ್ಮಾನ

‘ಟ್ಯಾಂಕ್ ಕಿತ್ತರೆ ಅಂತರ್ಜಲಕ್ಕೆ ಅಪಾಯವಿಲ್ಲ’ ಎಂಬ ಮಾತು ಅರ್ಧ ಸತ್ಯ. ಸೋರದ ಟ್ಯಾಂಕ್ ಕಿತ್ತಿದ್ದರೆ ನಿಜಕ್ಕೂ ಅಪಾಯವಿಲ್ಲ. ಸೋರಿದ ಟ್ಯಾಂಕ್ ಕಿತ್ತಿದ್ದರೆ ಅಪಾಯ ನೆಲದಲ್ಲೇ ಉಳಿದಿದೆ. ಯಾವುದು ಹೌದು ಎಂದು ಹೇಳಬಲ್ಲ ಅತಿ ಅಗ್ಗದ ಅವಕಾಶ ಸಿಗುವುದು ಒಂದೇ ಸಲ, ಟ್ಯಾಂಕ್ ಎತ್ತಿ ಗುಂಡಿ ತೆರೆದಿರುವ ಆ ಎರಡು ಮೂರು ದಿನ. ಇದನ್ನು ಫಾರ್ವರ್ಡ್ ಮಾಡುವುದಾದರೆ ನಿಮ್ಮ ಪಂಚಾಯಿತಿ ಸದಸ್ಯರಿಗೆ, ಊರಿನ ವಾಟರ್‌ಮನ್‌ಗೆ ಮೊದಲು ಮಾಡಿ.